ಕಣ್ಣಿಗೊಂದು ಹನಿ

ಫೆಬ್ರವರಿ ೯

ಅಕ್ಕಾ,

ಹಡಗು ಸೇರಿದೆ. ಹಡಗು ಎಂದರೆ ನೀನು ಅಂದುಕೊಳ್ಳುವಂಥದ್ದಲ್ಲ, ಇದು ಎಲ್ಲಿಗೂ ಹೋಗುವುದಿಲ್ಲ. ಬಂದರಿನ ಬಾಯಲ್ಲಿ ನಿಂತು ಹೂಳೆತ್ತುತ್ತದೆ. ಹಗಲೆಲ್ಲ ಎತ್ತಿದ್ದನ್ನು ಸಮುದ್ರ ರಾತ್ರಿ ತಂದು ತುಂಬುತ್ತದೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಂಬಳ ಎತ್ತುವುದಕ್ಕೆ, ಮುಗಿಸುವುದಕ್ಕಲ್ಲ. ನಾನು ಕೆಳಗೆ ಎಂಜಿನ್ ಪಕ್ಕದಲ್ಲಿರುತ್ತೇನೆ. ಫೋನು ಇಲ್ಲಿ ಸಿಗುವುದಿಲ್ಲ, ನಿಮ್ಮ ವಾರ್ಡಿನಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ವಾರಕ್ಕೊಮ್ಮೆ ಬರುವ ದೋಣಿಯೇ ನಮ್ಮಿಬ್ಬರಿಗೂ ಗತಿ.

ನಿನ್ನನ್ನು ಆ ಮಂಚದ ಮೇಲೆ ಕೂರಿಸಿ ‘ಬರ್ತೀನಿ ಕಣಕ್ಕಾ’ ಅಂದಾಗ ನೀನು ಗೋಡೆ ನೋಡುತ್ತಾ ‘ಹೂಂ’ ಅಂದೆ. ಆ ತಿಂಗಳು ನಿನ್ನ ಬಾಯಿಂದ ಬಂದ ಒಂದೇ ಮಾತು ಅದು. ಅದನ್ನೇ ಗಂಟು ಕಟ್ಟಿಕೊಂಡು ಬಂದೆ. ಇಷ್ಟು ವರ್ಷ ಕೋಟು ಕತ್ತರಿಸಿದವಳು ಒಂದು ದಿನ ಎರಡು ತೋಳನ್ನೂ ಎಡಗೈಗೇ ಕತ್ತರಿಸಿದೆ ಎಂದು ಅನ್ನ ನೀರು ಬಿಟ್ಟು ಮಲಗುವುದುಂಟೇ ಎಂದು ರೇಗಿದ್ದೆ. ಡಾಕ್ಟರು ಹೇಳಿದರು, ಕಾಯಿಲೆ ಮೊದಲೇ ಬಂದು ಕೂತಿತ್ತು, ಕೋಟು ಬರೀ ನೆಪ ಎಂದು. ಮಾತ್ರೆಗೆ ಬಗ್ಗದ್ದು ತಲೆಗೆ ಕೊಡುವ ಕರೆಂಟಿಗೆ ಬಗ್ಗಬಹುದು ಎಂದರು. ನಾನು ಸಹಿ ಹಾಕಿದೆ. ನೀನೂ ಹಾಕಿದೆ, ಗೋಡೆ ನೋಡುತ್ತಲೇ.

ಕಣ್ಣಿನ ಹನಿ ಬಿಡಬೇಡ. ಬೆಳಿಗ್ಗೆ ಕಣ್ಣಿಗೊಂದು, ಸಂಜೆ ಕಣ್ಣಿಗೊಂದು. ಕಣ್ಣೊಳಗಿನ ಒತ್ತಡ ಏರಿದರೆ ಅಂಚಿನಿಂದ ಕತ್ತಲು ಬರುತ್ತದೆ, ಬಂದ ಕತ್ತಲು ಹಿಂದಕ್ಕೆ ಹೋಗುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದು ನಿನಗಿಂತ ನನಗೆ ಚೆನ್ನಾಗಿ ನೆನಪಿದೆ. ಬಾಟಲಿ ಪೌಡರ್ ಡಬ್ಬಿಯೊಳಗಿದೆ. ಯಾರಿಗೂ ಹೇಳಿಲ್ಲ, ಆಣೆ ಇಟ್ಟಿದ್ದೇನಲ್ಲ. ಕಣ್ಣು ಹೋಗುತ್ತಿರುವವಳ ಕೈಗೆ ಯಾವ ಮಾಲೀಕರು ಬಟ್ಟೆ ಕೊಡುತ್ತಾರೆ? ಔಷಧಿ ಅಂಗಡಿ ನಿಮ್ಮ ಹೊಲಿಗೆ ಅಂಗಡಿಯ ಕೆಳಗೇ ಇರುವುದರಿಂದ ಮುಂದಿನ ಬಾಟಲಿಯನ್ನು ಇಲ್ಲಿಯ ಬಂದರಿನಲ್ಲೇ ಕೊಂಡು ಕಳಿಸುತ್ತೇನೆ.

ಗುಂಡ

ಫೆಬ್ರವರಿ ೧೮

ಗುಂಡ,

ಇಲ್ಲಿಯ ದೊಡ್ಡ ನರ್ಸು ಪೆನ್ನು ಕೈಗೆ ಕೊಟ್ಟು ‘ಬರೀರಿ’ ಎಂದಿದ್ದಾರೆ. ಅವರನ್ನು ವಾರ್ಡಿನವರು ಮೇಜರ್ ಎನ್ನುತ್ತಾರೆ. ಬರೆಯದಿದ್ದರೆ ನಿಂತೇ ಇರುತ್ತಾರೆ. ಬರೆಯುತ್ತಿದ್ದೇನೆ.

ಕರೆಂಟು ಶುರುವಾಗಿದೆ. ಬೆಳಿಗ್ಗೆ ಖಾಲಿ ಹೊಟ್ಟೆ. ತಳ್ಳುವ ಮಂಚದ ಮೇಲೆ ಉದ್ದನೆಯ ಓಣಿಯಲ್ಲಿ ಕರೆದೊಯ್ಯುತ್ತಾರೆ; ಮೇಲೆ ದೀಪ, ಆಮೇಲೆ ದೀಪವಿಲ್ಲದ ಜಾಗ, ಮತ್ತೆ ದೀಪ. ನಿದ್ದೆ ಬರಿಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕೈ ತಣ್ಣಗಿದೆ. ‘ಏನಾದರೂ ಔಷಧಿ ತಗೋತೀರಾ?’ ಎಂದು ಕೇಳಿದಳು. ಇಲ್ಲ ಅಂದೆ. ‘ಬಿಪಿಗೆ? ಸಕ್ಕರೆಗೆ?’ ಯಾವ ಮಾತ್ರೆಯನ್ನೂ ನುಂಗುವುದಿಲ್ಲ ಅಂದೆ. ಸುಳ್ಳೇನಲ್ಲ. ಕಣ್ಣಿಗೆ ಬಿಟ್ಟುಕೊಳ್ಳುವುದನ್ನು ಯಾರಾದರೂ ತಗೊಳ್ಳುವುದು ಎನ್ನುತ್ತಾರೆಯೇ? ಮಾಲೀಕರ ಹೆಂಡತಿ ವಾರ ವಾರ ನನ್ನನ್ನು ನೋಡಲು ಬರುತ್ತಾಳೆ, ಮೇಜರ್ ಜೊತೆ ಅರ್ಧ ಗಂಟೆ ಮಾತಾಡುತ್ತಾಳೆ. ಇಲ್ಲಿ ಹೇಳಿದ್ದು ಅಂಗಡಿಗೆ ಮುಟ್ಟದೆ ಇರುತ್ತದೆಯೇ?

ಆಮೇಲೆ ಏನೂ ಇಲ್ಲ. ನಡುವಿನ ಬಟ್ಟೆ ಕತ್ತರಿಸಿ ತೆಗೆದ ಹಾಗೆ. ಎದ್ದಾಗ ತಲೆನೋವು, ಬಾಯಲ್ಲಿ ಲೋಹದ ರುಚಿ.

ನಿನ್ನೆ ಅರ್ಧ ಬಟ್ಟಲು ಗಂಜಿ ಕುಡಿದೆನಂತೆ. ಮೇಜರ್ ಬರೆಯಲು ಹೇಳುತ್ತಿದ್ದಾರೆ.

ಅಕ್ಕ

ಫೆಬ್ರವರಿ ೨೭

(ಮೊದಲು ಇದು, ಕೆಂಪು ಪೆನ್ನಿನಲ್ಲಿ: ಅಕ್ಕಾ, ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ಹನಿ ಹಾಕಿಕೊ. ಆಮೇಲೆ ಅನ್ನಬೇಡ.)

ಅಕ್ಕಾ,

ಅರ್ಧ ಬಟ್ಟಲು ಗಂಜಿ! ನಾನು ಇದನ್ನು ಎಂಜಿನ್ ಕೋಣೆಯಲ್ಲಿ ಜೋರಾಗಿ ಓದಿದೆ. ನಮ್ಮ ಅಡುಗೆಯವನಿದ್ದಾನೆ, ಎಲ್ಲದಕ್ಕೂ ಕೊಂಕು. ‘ಅರ್ಧ ಬಟ್ಟಲಿಗೆ ಇಷ್ಟು ಕುಣೀತೀಯ, ನನ್ನ ಕೈ ಅಡುಗೆ ತಟ್ಟೆ ತುಂಬ ತಿಂದು ಒಂದು ದಿನ ಚೆನ್ನಾಗಿದೆ ಅಂದಿದ್ದೀಯಾ?’ ಅಂದ. ಚೆನ್ನಾಗಿದೆ ಅಂದೆ. ನಂಬಲಿಲ್ಲ.

ಕರೆಂಟು ಮರೆವು ತರುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೀನು ಏನು ಬೇಕಾದರೂ ಮರೆ. ನನ್ನ ಹುಟ್ಟುಹಬ್ಬ ಮರೆ, ನನ್ನ ಹೆಸರು ಮರೆ, ಚಿಂತೆಯಿಲ್ಲ. ಹನಿಯ ಭಾರ ನನಗೆ ಬಿಡು. ಪ್ರತಿ ಕಾಗದದಲ್ಲೂ ಬರೆಯುತ್ತೇನೆ. ಕಾಗದವನ್ನು ದಿಂಬಿನ ಕೆಳಗಿಟ್ಟುಕೊ, ದಿನಾ ತೆಗೆದು ಓದು. ಹೊಸ ಬಾಟಲಿ ಪೌಡರ್ ಡಬ್ಬಿಯಲ್ಲಿ ಕಳಿಸಿದ್ದೇನೆ.

ಗುಂಡ

ಮಾರ್ಚ್ ೬

ಗುಂಡ,

ನಿನ್ನ ಕಾಗದ ಇವತ್ತು ಬಂತು. ಪಕ್ಕದ ಮಂಚದಲ್ಲಿ ಒಬ್ಬ ಲೆಕ್ಕದ ಟೀಚರ್ ಇದ್ದಾರೆ. ಅದು ಇವತ್ತು ಬಂದದ್ದಲ್ಲ, ಬಂದು ದಿನಗಳಾದವು ಎನ್ನುತ್ತಾರೆ. ನಾನು ಅದನ್ನು ಪ್ರತಿ ಸಲವೂ ಈಗ ತಾನೇ ಬಂದ ಹಾಗೆ ಒಡೆದು ಓದುತ್ತೇನಂತೆ, ನಗುತ್ತೇನಂತೆ, ಓದಿದ ಕೂಡಲೇ ಎದ್ದು ಬಚ್ಚಲಿಗೆ ಹೋಗುತ್ತೇನಂತೆ. ‘ನಿಮ್ಮ ತಮ್ಮ ಏನ್ರೀ, ಕಾಗದದಲ್ಲಿ ಜುಲಾಬು ಬರೆದು ಕಳಿಸ್ತಾನಾ?’ ಎಂದು ಕೇಳಿದರು. ನನಗೆ ನಗು ಬಂತು. ಎಷ್ಟು ದಿನವಾಗಿತ್ತು. ನಕ್ಕಾಗ ಕೆನ್ನೆ ನೋಯಿತು, ಬಹಳ ದಿನ ಓಡಿಸದ ಹೊಲಿಗೆ ಮಷೀನಿನ ಹಾಗೆ.

ತಿನ್ನುತ್ತಿದ್ದೇನೆ. ಇವತ್ತು ಮೊಟ್ಟೆ. ಮೇಜರ್ ಅವರ ಕೋಟಿನ ಭುಜ ಎಡಕ್ಕೆ ಎಳೆಯುತ್ತದೆ, ಯಾರೋ ಪಾಪಿ ಹೊಲಿದದ್ದು. ಬಿಚ್ಚಿ ಕೊಡಿ, ಸರಿ ಮಾಡುತ್ತೇನೆ ಅಂದೆ. ‘ಮೊದಲು ನೀವು ಸರಿಯಾಗಿ’ ಅಂದರು.

ಬೇರೆ ವಿಶೇಷವಿಲ್ಲ. ಮೊನ್ನೆ ಕರೆಂಟಾದ ಮೇಲೆ ಎದೆಗೆ ವೈರು ಅಂಟಿಸಿ ಮಧ್ಯಾಹ್ನದವರೆಗೆ ಅಲ್ಲೇ ಮಲಗಿಸಿದ್ದರು. ಅವರ ಮಷೀನು ಕೆಟ್ಟಿತ್ತಂತೆ.

ಅಕ್ಕ

ಮಾರ್ಚ್ ೭

ಗುಂಡ,

ನಿನ್ನ ಕಾಗದ ಇವತ್ತು ಬಂತು. ಉತ್ತರ ತಡವಾಗಬಾರದೆಂದು ಕೂತೆ. ತಿನ್ನುತ್ತಿದ್ದೇನೆ. ಮೇಜರ್ ಅವರ ಕೋಟಿನ ಭುಜ ಎಡಕ್ಕೆ ಎಳೆಯುತ್ತದೆ ಎಂದು ನಿನಗೆ ಹೇಳಬೇಕು ಅನ್ನಿಸಿತು.

ಕಳೆದ ಸಲ ಕರೆಂಟು ಕೊಟ್ಟಾಗ ನನ್ನ ಎದೆ ನಿಂತಿತ್ತಂತೆ. ಕೊಟ್ಟ ಕೂಡಲೇ ಯಾರ ಎದೆಯಾದರೂ ಒಂದು ಗಳಿಗೆ ನಿಧಾನವಾಗುತ್ತದೆ, ಮರುಗಳಿಗೆ ಓಡಲು ಶುರುಮಾಡುತ್ತದೆ ಎಂದು ಡಾಕ್ಟರಮ್ಮ ವಿವರಿಸಿದಳು. ನನ್ನದು ನಿಧಾನವಾದದ್ದು ಹಾಗೇ ನಿಂತುಬಿಟ್ಟಿತು. ಅವಳು ಸೂಜಿ ಚುಚ್ಚಿ ಎಬ್ಬಿಸಿದಳು. ಗೆರೆಗಳ ಉದ್ದ ಕಾಗದ ತೋರಿಸಿದಳು: ಗುಡ್ಡ, ಗುಡ್ಡ, ಗುಡ್ಡ, ಆಮೇಲೆ ಬಯಲು. ನೋಡಿದರೆ ಚೆನ್ನಾಗಿಯೇ ಇತ್ತು ಆ ಬಯಲು.

ಇದನ್ನು ನಿನಗೆ ಬರೆಯಬಾರದೆಂದು ನಿಶ್ಚಯ ಮಾಡಿದ್ದೆ ಎಂದು ಕಾಣುತ್ತದೆ. ಯಾಕೆ ಎಂದು ನೆನಪಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಬಾಟಲಿ ಮುಗಿಯುತ್ತಾ ಬಂತು. ಇನ್ನೊಂದು ಕಳಿಸು.

ಅಕ್ಕ

ಮಾರ್ಚ್ ೧೪

ಅಕ್ಕಾ,

ಅಕ್ಷರ ನೋಡಿ ಗಾಬರಿಯಾಗಬೇಡ, ಪೆನ್ನು ಬದಲಾಯಿಸಿದ್ದೇನೆ, ಅಷ್ಟೇ.

ನಿನ್ನ ಎರಡು ಕಾಗದ ಒಂದೇ ದೋಣಿಯಲ್ಲಿ ಬಂದವು. ಒಂದರಲ್ಲಿ ಮಷೀನು ಕೆಟ್ಟಿತ್ತು, ಇನ್ನೊಂದರಲ್ಲಿ ನೀನು ನಿಂತಿದ್ದೆ. ಮೊದಲನೆಯದರಲ್ಲಿ ನಕ್ಕು ಎರಡನೆಯದನ್ನು ಒಡೆದೆ. ಎಂಜಿನ್ ಮಿಸ್ ಹೊಡೆದರೆ ನಾವು ಕೂಡಲೇ ನಿಲ್ಲಿಸಿ ನೋಡುತ್ತೇವೆ, ಮತ್ತೆ ಮತ್ತೆ ಒದ್ದು ಓಡಿಸುವುದಿಲ್ಲ. ಇನ್ನು ಕರೆಂಟು ಬೇಡ ಅನ್ನು. ನಗು ಬಂತಲ್ಲ, ಅಷ್ಟು ಸಾಕು. ಉಳಿದದ್ದನ್ನು ನಾವು ಮನೆಯಲ್ಲಿ ತಂದುಕೊಳ್ಳೋಣ. ನಾನು ಬಂದು ದಿನಾ ಒಂದು ಕೆಟ್ಟ ಜೋಕು ಹೇಳುತ್ತೇನೆ.

ಬಾಟಲಿ ಎರಡು ಕಳಿಸಿದ್ದೇನೆ. ಹನಿ ಮಾತ್ರ ಬಿಡಬೇಡ. ಓದಿದ ಕೂಡಲೇ ಹಾಕಿಕೊ.

ಗುಂಡ

ಅಮ್ಮಾ, ಇದನ್ನು ಬರೆದವನು ಹಡಗಿನ ಅಡುಗೆಯವನು. ನಿಮ್ಮ ತಮ್ಮನ ಬಲಗೈ ಬೆರಳುಗಳ ಮೇಲೆ ಕಬ್ಬಿಣದ ಮುಚ್ಚಳ ಬಿದ್ದಿದೆ. ಮೂಳೆ ಮುರಿದಿಲ್ಲ, ಕಟ್ಟು ಹಾಕಿದ್ದೇವೆ. ನಿಮಗೆ ಹೇಳಬಾರದು ಅಂದಿದ್ದಾನೆ. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಎರಡನೇ ಕಾಗದ ಓದಿದ ದಿನ ಅವನು ಊಟ ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಹೀಗೇನಾ?

ಮಾರ್ಚ್ ೨೨

ಗುಂಡ,

ಮತ್ತೆ ಹಾಗೇ ಆಯಿತು. ಈ ಸಲ ಹೆಚ್ಚು ಹೊತ್ತು. ಎದೆ ಒತ್ತಿದರಂತೆ, ಪಕ್ಕೆ ನೋಯುತ್ತದೆ. ಇನ್ನು ಕೊಡುವುದಿಲ್ಲ, ನಿಮ್ಮ ಎದೆ ತಡೆಯುವುದಿಲ್ಲ ಎಂದು ಹೇಳಿದರು. ನೀನು ಬಯಸಿದಂತೆಯೇ ಆಯಿತು.

ಗಂಜಿ ಬಂದಿತ್ತು. ವಾಪಸು ಹೋಯಿತು.

ಟೀಚರ್ ಏನೋ ಹೇಳಿದರು, ಎಲ್ಲರೂ ನಕ್ಕರು.

ಬಾಟಲಿ ಬಂತು. ಒಂದು ಆಗಲೇ ಅರ್ಧಕ್ಕೆ ಬಂದಿದೆ. ಬೆರಳು ಹೇಗಿದೆ.

ಮಾರ್ಚ್ ೩೦

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿ ಕೆದರಿದ ಹಾಗಿದ್ದರೆ ಕ್ಷಮಿಸು. ಇದನ್ನು ಅಡುಗೆಯವನ ಕೈಯಲ್ಲಿ ಬರೆಸಬಾರದು ಅನ್ನಿಸಿತು.

ನಿನ್ನ ಕಾಗದದ ಕೊನೆಯಲ್ಲಿ ನೀನು ಸಹಿ ಹಾಕಿಲ್ಲ. ಎಷ್ಟೋ ಹೊತ್ತು ಆ ಖಾಲಿ ಜಾಗವನ್ನೇ ನೋಡಿದೆ. ಕರೆಂಟು ಬೇಡ ಅನ್ನು ಎಂದು ಬರೆದ ನಾಲಿಗೆ ಕಿತ್ತುಹೋಗಲಿ ಎನ್ನಲು ಅದು ನಾಲಿಗೆಯೂ ಅಲ್ಲ, ಕೈಯೂ ನನ್ನದಲ್ಲ. ನೀನು ಉಳಿಯಬೇಕೆಂದು ಬರೆದೆ. ಅದನ್ನು ನಿಲ್ಲಿಸಿದರೆ ನೀನು ಮತ್ತೆ ಗೋಡೆಗೆ ಹೋಗುತ್ತೀಯ ಎಂದು ಹೊಳೆಯಲಿಲ್ಲ.

ಈಗ ಬೈಸಿಕೊಳ್ಳುವ ಮಾತು. ದೋಣಿಯವನಿಗೆ ಬಂದರಿನಿಂದ ತರಬೇಕಾದ ಸಾಮಾನು ಹೇಳುತ್ತಾ ಮತ್ತೊಂದು ಹನಿ ಬಾಟಲಿ ಅಂದೆ. ಅಡುಗೆಯವನು ಪಕ್ಕದಲ್ಲಿ ಈರುಳ್ಳಿ ಆರಿಸುತ್ತಿದ್ದ.

‘ಏನಪ್ಪಾ, ನಿಮ್ಮಕ್ಕ ಅದನ್ನ ಕಣ್ಣಿಗೆ ಹಾಕ್ತಾರೋ ಇಲ್ಲಾ ಕುಡೀತಾರೋ?’

‘ಯಾಕೆ?’

‘ನನ್ನ ಅಡುಗೆಮನೇಲಿ ಎಣ್ಣೆ ಇಷ್ಟು ಬೇಗ ಮುಗಿದರೆ ನಾನು ಕಳ್ಳನನ್ನ ಹುಡುಕ್ತೀನಿ.’

ತಿಂಗಳಿಗೆ ಒಂದು ಬರುತ್ತಿತ್ತು, ಅಲ್ಲವೇನೇ? ಅತಿಯಾದರೆ ಕಣ್ಣು ಸುಟ್ಟುಹೋಗುತ್ತದೋ ಏನೋ ಎಂದು ಜೀವ ಹಾರಿತು. ನಿನ್ನನ್ನು ಕೇಳಿದರೆ ನಿನಗೆ ನೆನಪಿರುವುದಿಲ್ಲ. ಹಾಗಾಗಿ ನಿಮ್ಮ ನಿದ್ದೆ ಡಾಕ್ಟರಮ್ಮನಿಗೆ ಬರೆದುಬಿಟ್ಟೆ. ಹನಿಯ ವಿಷಯ, ಪೌಡರ್ ಡಬ್ಬಿಯ ವಿಷಯ, ಎಲ್ಲ. ನಮ್ಮಕ್ಕನ ಕಣ್ಣು ಉಳಿಸಿ ಎಂದು ಬರೆದೆ. ಆಣೆ ಮುರಿದೆ. ನಿನ್ನ ಗಜಕಡ್ಡಿ ತೆಗೆದಿಡು, ಬಂದಾಗ ಬೆನ್ನು ಕೊಡುತ್ತೇನೆ.

ಗುಂಡ

ಏಪ್ರಿಲ್ ೧೦

ಗುಂಡ,

ಇದನ್ನು ಸ್ವಲ್ಪ ಸ್ವಲ್ಪವಾಗಿ ಬರೆದಿದ್ದೇನೆ. ಪೆನ್ನು ಭಾರ.

ಡಾಕ್ಟರಮ್ಮ ನಿನ್ನ ಕಾಗದ ಹಿಡಿದುಕೊಂಡು ಬಂದು ಮಂಚದ ಪಕ್ಕ ನಿಂತಳು.

‘ಕಣ್ಣಿಗೆ ಹನಿ ಹಾಕ್ಕೋತೀರಂತೆ?’

‘ಯಾರು ಹೇಳಿದ್ದು?’

‘ನಿಮ್ಮ ತಮ್ಮ. ಕಣ್ಣು ಹಾಳಾಗುತ್ತಾ ಅಂತ ಕೇಳಿದ್ದಾರೆ. ಬಾಟಲಿ ತೋರಿಸಿ.’

ಪೌಡರ್ ಡಬ್ಬಿ ಕೊಟ್ಟೆ. ಅವಳು ಬಾಟಲಿಯ ಮೇಲಿದ್ದದ್ದನ್ನು ಓದಿ ನನ್ನ ಮಂಚದ ಮೇಲೆಯೇ ಕೂತುಬಿಟ್ಟಳು. ‘ಅಯ್ಯೋ ಅಮ್ಮಾ, ಇದು ಎದೆ ನಿಧಾನ ಮಾಡೋ ಔಷಧಿ.’

‘ಕಣ್ಣಿಗೆ ಹಾಕೋದು’ ಅಂದೆ.

‘ಕಣ್ಣಿಗೆ ಹಾಕಿದ್ದು ಮೂಗಿಗಿಳಿಯುತ್ತೆ, ಅಲ್ಲಿಂದ ರಕ್ತಕ್ಕೆ. ಗಂಟಲಲ್ಲಿ ಕಹಿ ಬರ್ತಿರಲಿಲ್ವಾ?’

‘ಬರ್ತಿತ್ತು. ಬದುಕೇ ಹಾಗೆ ಅಂದ್ಕೊಂಡಿದ್ದೆ.’

ಅವಳು ನಕ್ಕಳು, ನಗಬಾರದಿತ್ತು ಎಂಬಂತೆ ಬಾಯಿ ಮುಚ್ಚಿಕೊಂಡಳು. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲವಂತೆ. ಕರೆಂಟು ತಾನೇ ಎದೆಯನ್ನು ಒಂದು ಗಳಿಗೆ ಹಿಡಿದೆಳೆಯುವಾಗ ಇದೂ ಸೇರಿದರೆ ಕಷ್ಟ. ಅದರಲ್ಲೂ ಅತಿಯಾದರೆ. ‘ದಿನಕ್ಕೆ ಎಷ್ಟು ಸಲ ಹಾಕ್ಕೋತಿದ್ರಿ?’ ನನಗೆ ಗೊತ್ತಿರಲಿಲ್ಲ. ಪಕ್ಕದ ಮಂಚದಿಂದ ಟೀಚರ್ ಉತ್ತರ ಕೊಟ್ಟರು: ‘ತಮ್ಮನ ಕಾಗದ ಎಷ್ಟು ಸಲ ಓದ್ತಾರೋ ಅಷ್ಟು ಸಲ.’



ಡಾಕ್ಟರಮ್ಮ ‘ನಾನು ಬಿಡಿಸಿ ಕೇಳಬೇಕಿತ್ತು’ ಎಂದಳು. ‘ಔಷಧಿ ಅಂದ್ರೆ ನುಂಗೋದು ಅಂತಲೇ ಎಲ್ಲರೂ ತಿಳಿಯೋದು.’ ಹನಿ ನಿಲ್ಲಿಸಿದರೆ ಎದೆ ತಡೆಯಬಹುದು, ಕರೆಂಟು ಮತ್ತೆ ಶುರುಮಾಡಬಹುದು ಎಂದಳು. ಕಣ್ಣಿನ ವಿಭಾಗದವರು ಬೇರೆ ಹನಿ ಕೊಡುತ್ತಾರೆ. ಆದರೆ ಎಲ್ಲ ಫೈಲಿನಲ್ಲಿ ಬರಬೇಕು. ‘ಬರೀಲಾ?’ ಎಂದು ಕೇಳಿದಳು. ಆ ಹೊತ್ತಿಗೆ ಸರಿಯಾಗಿ ಮಾಲೀಕರ ಹೆಂಡತಿ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿದೆ. ಈ ಕಣ್ಣು ಯಾರಿಗಾಗಿ ಉಳಿಸಿಕೊಳ್ಳುತ್ತಿದ್ದೇನೆ, ಗೋಡೆ ನೋಡುವುದಕ್ಕೆ ಇಷ್ಟು ಒಳ್ಳೆಯ ಕಣ್ಣು ಯಾಕೆ ಎಂಬ ಪ್ರಶ್ನೆ ಬಂತು. ಆ ಪ್ರಶ್ನೆ ಬಂದದ್ದೇ ಆಶ್ಚರ್ಯ, ವಾರದಿಂದ ಏನೂ ಬಂದಿರಲಿಲ್ಲ.

‘ಬರೀರಿ’ ಅಂದೆ. ಬಾಗಿಲಿಗೆ ಕೇಳಿಸುವ ಹಾಗೇ ಅಂದೆ.

ನಾಳೆ ಬೆಳಿಗ್ಗೆ ಮತ್ತೆ ಕರೆಂಟು. ಎದೆ ಏಳದೆಯೂ ಇರಬಹುದು, ಎಬ್ಬಿಸಲು ಎಲ್ಲ ಸಿದ್ಧ ಮಾಡಿಕೊಂಡಿರುತ್ತೇವೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಸಹಿ ಹಾಕಿದೆ. ಈ ಸಲ ಹಾಕುವಾಗ ಕಾಗದವನ್ನೇ ನೋಡಿದೆ.

ಅಕ್ಕ

ಏಪ್ರಿಲ್ ೧೭

ಅಕ್ಕಾ,

ನೀನು ‘ನಾಳೆ’ ಎಂದು ಬರೆದದ್ದು ನನ್ನ ಕೈಗೆ ಬರುವಷ್ಟರಲ್ಲಿ ಆಗಿಹೋಗಿದೆ. ಏನಾಯಿತು ಎಂಬುದು ನಿಮ್ಮ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ದೋಣಿ ಇನ್ನೂ ಕೆಳಗಿದೆ, ದೋಣಿಯವನು ಕೂಗುತ್ತಿದ್ದಾನೆ, ಬೇಗ ಬರೆಯುತ್ತಿದ್ದೇನೆ.

ಕೆಂಪು ಪೆನ್ನಿನಲ್ಲಿ ಬರೆದವನು ನಾನು. ದಿಂಬಿನ ಕೆಳಗಿಟ್ಟುಕೊ ಎಂದವನೂ ನಾನು. ಅದರ ಬಗ್ಗೆ ಏನು ಬರೆದರೂ ನಿನ್ನಿಂದ ಸಮಾಧಾನ ಕೇಳಿದ ಹಾಗಾಗುತ್ತದೆ, ಬರೆಯುವುದಿಲ್ಲ.

ಗುಂಡ

ಏಪ್ರಿಲ್ ೨೪

ಅಕ್ಕಾ,

ಇವತ್ತಿನ ದೋಣಿಯಲ್ಲಿ ನಿನ್ನ ಕಾಗದವಿರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ನೋಡಿದೆ. ಅಡುಗೆಯವನು ಇವತ್ತು ಕೊಂಕು ಮಾತಾಡಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದ.

ರಜೆ ಕೇಳಿದ್ದೇನೆ. ಮುಂದಿನ ದೋಣಿಯಲ್ಲಿ ಕಾಗದ ಬಂದರೂ ಬರದಿದ್ದರೂ ಅದೇ ದೋಣಿಯಲ್ಲಿ ಹೊರಡುತ್ತೇನೆ.

ಗುಂಡ

ಏಪ್ರಿಲ್ ೨೬

ಗುಂಡ,

ಹೆದರಿದ್ದೀಯ ಎಂದು ಗೊತ್ತು. ನಿನಗೆ ಕಾಗದ ಬರೆದಿದ್ದೇನೆ ಎಂದೇ ನಂಬಿ ಇಷ್ಟು ದಿನ ನಿನ್ನ ಉತ್ತರಕ್ಕೆ ಕಾಯುತ್ತಾ, ಎಂಥ ಸೋಮಾರಿ ಎಂದು ಬೈದುಕೊಳ್ಳುತ್ತಿದ್ದೆ. ಇವತ್ತು ನಿನ್ನ ಹದಿನೇಳನೇ ತಾರೀಖಿನದು ಬಂತು. ನಿಜವಾಗಿಯೂ ಇವತ್ತೇ ಬಂದದ್ದು, ಟೀಚರ್ ಹತ್ತಿರ ಖಾತ್ರಿ ಮಾಡಿಕೊಂಡೆ.

ಎದೆ ತಡೆಯಿತು. ಆ ಬೆಳಿಗ್ಗೆ ಒಂದು ಗಳಿಗೆ ನಿಧಾನವಾಯಿತಂತೆ, ಕೋಣೆಯಲ್ಲಿ ಎಲ್ಲರೂ ಉಸಿರು ಹಿಡಿದರಂತೆ, ಆಮೇಲೆ ಅದು ತಾನಾಗಿಯೇ ಎದ್ದು ಓಡಿತಂತೆ. ಡಾಕ್ಟರಮ್ಮ ಆ ಬಡಿತವನ್ನು ಮಂಚದ ಕಂಬಿಯ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ಆಮೇಲೆಯೂ ಕೆಲವು ಸಲ ಕರೆಂಟಾಯಿತು, ಪ್ರತಿ ಸಲವೂ ತಟ್ಟಿ ತೋರಿಸಿದಳು. ಕೇಳಿ ಕೇಳಿ ಟೀಚರಿಗೂ ಬಾಯಿಪಾಠವಾಗಿದೆ.

ಹೊಸ ಹನಿಯ ಬಾಟಲಿ ಮೇಜರ್ ಜೇಬಿನಲ್ಲಿರುತ್ತದೆ. ಅವರೇ ರೆಪ್ಪೆ ಎತ್ತಿ ಹಾಕುತ್ತಾರೆ, ನಾನು ಮಿಟುಕಿಸಿದರೆ ಗದರುತ್ತಾರೆ. ಮಾಲೀಕರ ಹೆಂಡತಿ ಆಮೇಲೆ ಒಮ್ಮೆ ಬಂದು, ಕತ್ತರಿಸುವ ಮೇಜಿಗೆ ಬೇರೆಯವರನ್ನು ನೋಡುತ್ತಿದ್ದಾರೆ ಎಂದು ನೆಲ ನೋಡುತ್ತಾ ಹೇಳಿದಳು. ಕಾಜ, ಗುಂಡಿ, ಒಳಹೊಲಿಗೆ ನನಗೆ ಕೊಡಬಹುದಂತೆ. ಆ ರಾತ್ರಿ ಅತ್ತೆ. ಗೋಡೆ ನೋಡಲಿಲ್ಲ, ಅತ್ತೆ. ಎರಡೂ ಬೇರೆ ಬೇರೆ ಎಂದು ಈಗ ತಿಳಿಯುತ್ತದೆ.

ಸಮಾಧಾನ ಕೇಳುವುದಿಲ್ಲ ಎಂದು ಬರೆದಿದ್ದೀಯ. ಕೇಳದಿದ್ದರೂ ತಗೊ. ಆ ತಿಂಗಳು ಮೇಜರ್ ಹೇಳಿದ್ದನ್ನು ಕೇಳಲಿಲ್ಲ, ಡಾಕ್ಟರು ಹೇಳಿದ್ದನ್ನು ಕೇಳಲಿಲ್ಲ, ನನ್ನ ಹೊಟ್ಟೆ ಹೇಳಿದ್ದನ್ನೂ ಕೇಳಲಿಲ್ಲ. ಹಾಸಿಗೆಯಿಂದ ನನ್ನನ್ನು ಎಬ್ಬಿಸಿ ನಡೆಸಿದ್ದು ನಿನ್ನ ಮಾತೊಂದೇ. ಅದು ಎಲ್ಲಿಗೆ ನಡೆಸಿತು ಎಂಬುದು ಬೇರೆ. ಆಣೆ ಮುರಿದದ್ದಕ್ಕೆ ಬೈಗುಳ ಬಾಕಿಯಿದೆ, ಅದನ್ನು ಎದುರಿಗೇ ಕೊಡುತ್ತೇನೆ. ಇನ್ನು ಮೇಲೆ ನನಗೆ ಏನನ್ನೂ ನೆನಪಿಸಬೇಡ. ಬೇರೆ ಏನಾದರೂ ಬರೆ. ಆ ಅಡುಗೆಯವನು ನೋಡಲು… 

ಅಲ್ಲಿಗೇ ನಿಲ್ಲಿಸಿದೆ. ಊಟದ ಬಂಡಿ ಓಣಿಯ ಆ ತುದಿಯಲ್ಲಿದೆ, ಸದ್ದು ಕೇಳುತ್ತಿದೆ. ಮೊದಲು ಗಂಡಸರ ವಾರ್ಡಿಗೆ ಹೋಗಿ ಆಮೇಲೆ ನಮ್ಮ ಕಡೆಗೆ ತಿರುಗುತ್ತದೆ, ಅವರಿಗೇ ಎಲ್ಲ ಬಿಸಿಬಿಸಿ. ಇವತ್ತು ನಾನೇ ಹೋಗಿ ಅಡ್ಡ ಹಾಕುತ್ತೇನೆ. ಹಸಿವಾಗುತ್ತಿದೆ ಕಣೋ. ಉಳಿದದ್ದು ಆಮೇಲೆ